ಕುಶಾಲಪ್ಪಣ್ಣನ ಬಿಸಿಗಾಳಿಯ ಮೋಟರು

ಕುಶಾಲಪ್ಪಣ್ಣನ ಗಾಡಿ ರಿಪೇರಿಯ ಶೆಡ್ಡಿಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುತ್ತಿದ್ದುದು ಪೆಟ್ರೋಲಿನ ವಾಸನೆಯಲ್ಲ, ತೆಂಗಿನೆಣ್ಣೆಯ ವಾಸನೆ. ಬೆಳಿಗ್ಗೆ ಎದ್ದವರೇ ಬೊಗಸೆ ತುಂಬ ಎಣ್ಣೆಯನ್ನು ನೆತ್ತಿಗೆ ತಟ್ಟಿಕೊಳ್ಳುತ್ತಿದ್ದರು. ಅದು ಹಣೆಗೆ ಇಳಿದು, ಕಿವಿಯ ಹಿಂದಿನಿಂದ ಅಂಗಿಯ ಕಾಲರಿಗೆ ಸೇರಿ, ಮಧ್ಯಾಹ್ನದ ಹೊತ್ತಿಗೆ ಮನುಷ್ಯ ಬೆಳಗಿದ ಹಿತ್ತಾಳೆ ಚೆಂಬಿನ ಹಾಗೆ ಕಾಣುತ್ತಿದ್ದರು. ಉಳಿದ ಎಣ್ಣೆ ಶೆಡ್ಡಿನ ಮೊಳೆಗೆ ತೂಗುಹಾಕಿದ ಒಂದು ಕುಪ್ಪಿಯಲ್ಲಿ. ಬಾಗಿಲಿನ ತಿರುಗಣಿ, ಹೊಲಿಗೆ ಯಂತ್ರ, ಗೋಡೆ ಗಡಿಯಾರ, ಯಾರದೋ ಸೊಂಟನೋವು, ಎಲ್ಲಕ್ಕೂ ಅದೇ ಕುಪ್ಪಿ. ಇಂಜಿನ್ನಿಗೆ ಮಾತ್ರ ಇಂಜಿನ್ನಿನ ಎಣ್ಣೆಯನ್ನೇ ಹಾಕುತ್ತಿದ್ದರು, ಅಷ್ಟು ವಿವೇಕ ಇತ್ತು. ಸಣ್ಣ ಯಂತ್ರಗಳ ವಿಷಯದಲ್ಲಿ ಯಾರು ಏನು ಹೇಳಿದರೂ ಕೇಳುವ ಪೈಕಿ ಅಲ್ಲ.

"ದೊಡ್ಡದಕ್ಕೆ ಕಂಪೆನಿ ಎಣ್ಣೆ, ಸಣ್ಣದಕ್ಕೆ ಮನೆ ಎಣ್ಣೆ. ಸಣ್ಣ ಮಕ್ಕಳ ಮೈಗೆ ನೀವು ಎಂತ ಹಚ್ಚುದು ಮಾರಾಯ್ರೆ, ಗ್ರೀಸಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬೇರೆ ಕೆಲಸಕ್ಕೆ ತಿರುಗುತ್ತಿದ್ದರು.

ನಾನು ಪುತ್ತೂರಿನವಳು. ಟ್ರೈನಿಂಗ್ ಮುಗಿಸಿ ಐವತ್ತರ ದಶಕದ ಕೊನೆಯ ಹೊತ್ತಿಗೆ ಕಲ್ಲುಗುಂಡಿಗೆ ಟೀಚರಾಗಿ ಬಂದಾಗ, ಒಂಟಿ ಹೆಣ್ಣಿಗೆ ಕೋಣೆ ಕೊಡುವವರು ಸಿಗದೆ ಪೇಚಾಡುತ್ತಿದ್ದೆ. ಕುಶಾಲಪ್ಪಣ್ಣನ ಹೆಂಡತಿ ದೇವಕ್ಕಿಯಕ್ಕ ಅಂಗಡಿಯಲ್ಲಿ ನನ್ನನ್ನು ಕಂಡವರು, "ನಮ್ಮಲ್ಲಿ ಒಂದು ಕೋಣೆ ಉಂಟು. ಇವರು ಅದರಲ್ಲಿ ಹಳೇ ಟಯರು ತುಂಬಿಸಿದ್ದಾರೆ. ಟಯರು ಹೊರಗೆ ಹಾಕಿಸ್ತೇನೆ, ನೀವು ಬನ್ನಿ" ಎಂದರು. ಟಯರು ಹೊರಗೆ ಹೋಯಿತು, ನಾನು ಒಳಗೆ ಬಂದೆ. ಮಡಿಕೇರಿ ರಸ್ತೆಯ ಬದಿಗೇ ಮನೆ, ಮನೆಗೆ ತಾಗಿ ಶೆಡ್ಡು. ಘಾಟಿ ಹತ್ತುವ ಗಾಡಿಗಳು ನೀರು ತುಂಬಿಸಲು ಅಲ್ಲಿ ನಿಲ್ಲುತ್ತಿದ್ದವು, ಇಳಿದು ಬಂದವು ಬ್ರೇಕು ಸುಟ್ಟುಕೊಂಡು ನಿಲ್ಲುತ್ತಿದ್ದವು. ಗಂಡ ಹೆಂಡತಿ ತಮ್ಮೊಳಗೆ ಆ ಕಡೆಯ ಗೌಡರ ಮನೆಮಾತಾದ ಅರೆಭಾಷೆ ಮಾತಾಡುತ್ತಿದ್ದರು, ನನ್ನೊಡನೆ ಕನ್ನಡ. ನಾನು ಸಿಟ್ಟು ಬಂದಾಗ ಗೊಣಗುವುದು ತುಳುವಿನಲ್ಲಿ. ಅವರಿಗೆ ಮಕ್ಕಳಿರಲಿಲ್ಲ.

ಕುಶಾಲಪ್ಪಣ್ಣನಿಗೆ ಗಿರಾಕಿಗಳನ್ನು ಬೈಯುವ ಚಟ. ಕಾರು ತಂದವರು ಬಾಗಿಲು ಜೋರಾಗಿ ಹಾಕಿದರೆ, "ನಿಮ್ಮ ಮನೆ ಬಾಗಿಲಿಗೂ ಹೀಗೇ ಹೊಡಿಯುದಾ? ಹಾಗಾದ್ರೆ ಎತ್ತಿನ ಗಾಡಿ ತಗೊಳ್ಳಿ, ಅದಕ್ಕೆ ಬಾಗಿಲೇ ಇಲ್ಲ" ಎನ್ನುವವರು. ಬೈಸಿಕೊಂಡವರು ಮತ್ತೆ ಅವರ ಹತ್ತಿರವೇ ಬರುತ್ತಿದ್ದರು, ಯಾಕೆಂದರೆ ಅವರು ಯಾವುದನ್ನೂ ಆಗುವುದಿಲ್ಲ ಎಂದು ವಾಪಸು ಕಳಿಸಿದ್ದಿಲ್ಲ. ಎಷ್ಟು ಹೊತ್ತಾಗುತ್ತದೆ ಎಂದು ಕೇಳಿದರೆ ಒಂದೇ ಉತ್ತರ: "ಐದು ನಿಮಿಷ." ಆ ಐದು ನಿಮಿಷ ಕೆಲವೊಮ್ಮೆ ಸಂಜೆಯವರೆಗೆ, ಕೆಲವೊಮ್ಮೆ ಮುಂದಿನ ಹಬ್ಬದವರೆಗೆ ಹೋಗುತ್ತಿತ್ತು.

ನಮ್ಮ ಶಾಲೆಯ ಗೋಡೆ ಗಡಿಯಾರ ನಿಂತಾಗ ಅದನ್ನು ಹಾಗೇ ಐದು ನಿಮಿಷಕ್ಕೆಂದು ಹೊತ್ತುಕೊಂಡು ಹೋಗಿ, ಮೂರು ತಿಂಗಳು ಕಳೆದ ಮೇಲೆ ತಂದು ತೂಗುಹಾಕಿದರು. ಚೆನ್ನಾಗಿಯೇ ಓಡಿತು. ಆದರೆ ಡಿಸೆಂಬರ್ ಬಂದದ್ದೇ ಬೆಳಗಿನ ಹೊತ್ತು ನಿಲ್ಲಲು ಶುರುವಾಯಿತು. ಬಿಸಿಲು ಗೋಡೆಗೆ ಬಿದ್ದ ಮೇಲೆ ತಾನಾಗಿಯೇ ಟಿಕ್ ಎನ್ನುತ್ತಿತ್ತು. ಹೆಡ್‌ಮಾಸ್ಟರು ಶೆಡ್ಡಿಗೇ ಹೋಗಿ ದೂರು ಹೇಳಿದರು.

"ಚಳಿಗೆ ನೀವು ತಡವಾಗಿ ಏಳುದಿಲ್ಲವಾ ಸಾರ್? ಗಡಿಯಾರವೂ ಹಾಗೆಯೇ. ಸ್ವಲ್ಪ ಬಿಸಿಲಿಗೆ ಇಡಿ."

ನಾವೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹೆಡ್‌ಮಾಸ್ಟರೂ ನಕ್ಕರು. ಚಳಿಗಾಲದ ಬೆಳಗ್ಗೆ ತಲೆಗೆ ಹಾಕುವ ಎಣ್ಣೆಯ ಕುಪ್ಪಿಯನ್ನು ಒಲೆಯ ಬದಿಗೆ ಇಟ್ಟು ಕರಗಿಸುವುದು ನಮ್ಮ ಪ್ರತಿ ಮನೆಯಲ್ಲೂ ನಡೆಯುವ ಕೆಲಸ. ಆದರೂ ಆ ಎಣ್ಣೆಗೂ ಈ ಗಡಿಯಾರಕ್ಕೂ ಇರುವ ಸಂಬಂಧ ಯಾರ ತಲೆಗೂ ಹೊಳೆಯಲಿಲ್ಲ.

ದೇವಕ್ಕಿಯಕ್ಕ ಗಂಡನಿಗೆ ತೀರಾ ವಿರುದ್ಧ. ಮಾತು ಮೆಲ್ಲಗೆ, ನಡಿಗೆ ಮೆಲ್ಲಗೆ, ಚುಚ್ಚುವುದೂ ಮೆಲ್ಲಗೆ. ಮಧ್ಯಾಹ್ನ ಬಾಳೆಲೆ ಹಾಕಿ ಕರೆದರೆ ಶೆಡ್ಡಿನಿಂದ "ಐದು ನಿಮಿಷ" ಎಂಬ ಉತ್ತರ ಬರುತ್ತಿತ್ತು. ಅನ್ನ ಆರುತ್ತಿತ್ತು. ಅವರು ಕಾದು ಕಾದು ಕೊನೆಗೆ ಶೆಡ್ಡಿನ ಮೆಟ್ಟಿಲಲ್ಲೇ ಹೋಗಿ ಕೂರುತ್ತಿದ್ದರು. ಗಂಡ ತಲೆ ಎತ್ತದೆ ಏನನ್ನೋ ಬಿಚ್ಚುತ್ತಿದ್ದರು, ಇವರು ನೋಡುತ್ತಿದ್ದರು. ಒಮ್ಮೆ ನನ್ನ ಹತ್ತಿರ ಹೇಳಿದರು: "ನಾನು ಮದುವೆಯಾಗಿ ಬರುವಾಗಲೇ ಎರಡು ನಟ್ಟು ಸಡಿಲ ಮಾಡಿಕೊಂಡು ಬರಬೇಕಿತ್ತು ಟೀಚರೇ. ಆಗ ಹತ್ತಿರ ಕೂರ್ತಿದ್ರೋ ಏನೋ."

ಪ್ರೀತಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ದೇವಕ್ಕಿಯಕ್ಕನಿಗೆ ದಮ್ಮಿನ ಕಾಯಿಲೆ ಇತ್ತು. ಮಲಗಿದರೆ ಉಸಿರು ಕಟ್ಟುತ್ತದೆಂದು ಲಾರಿಯ ಸೀಟನ್ನು ಕತ್ತರಿಸಿ ಒರಗಿ ಕೂರುವ ಮಂಚ ಮಾಡಿದರು. ಏಳುವಾಗ ಹಿಡಿದುಕೊಳ್ಳಲು ಮಾಡಿನ ತೊಲೆಗೆ ರಾಟೆ ಕಟ್ಟಿ ಹಗ್ಗ ಇಳಿಬಿಟ್ಟರು. ಆವಿ ತೆಗೆದುಕೊಳ್ಳಲು ಕೆಟಲಿನ ಮೂತಿಗೆ ರೇಡಿಯೇಟರಿನ ಪೈಪು ಸಿಕ್ಕಿಸಿದರು. ಎಲ್ಲ ಮಾಡಿದರು, ಮಾಡಿ ಮುಗಿಸಿದ ಕೂಡಲೇ ಶೆಡ್ಡಿಗೆ ಎದ್ದು ಹೋದರು. ಕಾಯಿಲೆಯವರ ಬಳಿ ಸುಮ್ಮನೆ ಕೂರಲು ಅವರಿಗೆ ಬರುತ್ತಲೇ ಇರಲಿಲ್ಲ. ಕೈಯಲ್ಲಿ ಸ್ಪ್ಯಾನರು ಇಲ್ಲದಿದ್ದರೆ ಆ ಕೈಯನ್ನು ಎಲ್ಲಿಡಬೇಕೆಂದೇ ತಿಳಿಯದ ಮನುಷ್ಯ.

ಅವರದೇ ಒಂದು ಕಾರೂ ಇತ್ತು. ಕೊಡಗಿನ ಕಾಫಿ ತೋಟದ ಬಿಳಿ ದೊರೆಯೊಬ್ಬ ಊರಿಗೆ ಮರಳುವಾಗ ಗುಜರಿ ಎಂದು ಬಿಟ್ಟುಹೋದದ್ದು. ಇವರು ಅದನ್ನು ಎಳೆದು ತಂದು, ಎರಡು ವರ್ಷ ಬಿಚ್ಚಿ ಜೋಡಿಸಿ ಜೀವ ಬರಿಸಿದ್ದರು. ಬಾಟಲಿ ಹಸಿರು ಬಣ್ಣ, ಒಳಗೆ ತೊಗಲಿನ ಸೀಟು. ಮುಂದಿನ ಎಡಗಡೆ ಸೀಟಿನವರ ಮೊಣಕಾಲಿನ ಎದುರಿಗೆ ಒಂದು ದುಂಡು ಡಬ್ಬಿ ಇತ್ತು, ಅದಕ್ಕೆ ಪುಟ್ಟ ಪುಟ್ಟ ಬಾಗಿಲುಗಳು. ಅದೇನೆಂದು ನಾನು ಕೇಳಿದೆ.

"ಅದು ಹೀಟರು. ಇಂಜಿನ್ನಿನ ಬಿಸಿನೀರು ಪೈಪಿನಲ್ಲಿ ಬಂದು ಈ ಡಬ್ಬಿಯೊಳಗೆ ಸುತ್ತುದು. ಹಿಂದೆ ಒಂದು ಸಣ್ಣ ಮೋಟರು, ಅದಕ್ಕೆ ಫ್ಯಾನು. ಅದು ಊದಿದ್ರೆ ಬಿಸಿಗಾಳಿ ಕಾಲಿಗೆ ಬರ್ತದೆ. ಮೋಟರು ಸತ್ತಿದೆ." ಹಾಗೆಂದು ಜೋರಾಗಿ ನಕ್ಕರು. "ಸಾಯಲಿ ಬಿಡಿ. ನಮ್ಮ ಸೆಕೆಗೆ ಇನ್ನು ಬೆಂಕಿ ಬೇರೆ ಬೇಕಾ?"

ಕಲ್ಲುಗುಂಡಿಯಲ್ಲಿ ರಿಪೇರಿಯಾಗದೆ ಉಳಿದ ಒಂದೇ ಒಂದು ವಸ್ತು ಅದು.

ಆ ವರ್ಷ ಬೇಸಗೆಯ ಕೊನೆಗೆ, ರಜೆ ಮುಗಿದು ಶಾಲೆ ತೆರೆಯುವ ಹೊತ್ತಿಗೆ, ದೇವಕ್ಕಿಯಕ್ಕನ ಉಸಿರು ತೀರಾ ಕೆಟ್ಟಿತು. ಮಾತಾಡಿದರೆ ಎರಡು ಮಾತಿಗೊಮ್ಮೆ ನಿಲ್ಲಬೇಕು. ಪುತ್ತೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಬಹಳ ಹೊತ್ತು ಕೇಳಿ, ಹೊರಗೆ ಬಂದು ನಮ್ಮಿಬ್ಬರಿಗೆ ಹೇಳಿದರು: "ಹೃದಯವೂ ಸೋತಿದೆ. ಮೈಸೂರಿಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ. ಘಾಟಿಯಲ್ಲಿ ಚಳಿ ತಾಗದ ಹಾಗೆ ನೋಡ್ಕೊಳ್ಳಿ."

ಕುಶಾಲಪ್ಪಣ್ಣ ಚಳಿಯ ಮಾತನ್ನು ಕೇಳಿಸಿಕೊಂಡರು. ತಡ ಮಾಡಬೇಡಿ ಎಂದದ್ದು ಕಿವಿಗೆ ಬಿದ್ದಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮನೆಗೆ ಬಂದವರೇ ಕಾರಿನ ಡಬ್ಬಿಯಿಂದ ಮೋಟರನ್ನು ಕಳಚಿ, ಜಗಲಿಯಲ್ಲಿ ಗೋಣಿ ಹಾಸಿ ಕೂತರು.

"ಹೀಟರು ಆಗದೆ ನಾನು ಇವಳನ್ನು ಘಾಟಿ ಹತ್ತಿಸುದಿಲ್ಲ" ಎಂದರು.

"ಕಂಬಳಿ ಹೊದಿಸಿ ನಾಳೆಯೇ ಹೊರಡುವಾ, ಕುಶಾಲಪ್ಪಣ್ಣ. ಮಳೆ ಬಂದ್ರೆ ಮತ್ತೆ ಕಷ್ಟ" ಎಂದೆ ನಾನು.

"ಕಂಬಳಿ ಮೈಗೆ ಟೀಚರೇ. ಉಸಿರಾಡುವ ಗಾಳಿಗೆ ಕಂಬಳಿ ಹೊದಿಸ್ಲಿಕ್ಕೆ ಆಗ್ತದಾ?"

ನಾನು ಎದ್ದು ಒಳಗೆ ಹೋಗಿ ದೇವಕ್ಕಿಯಕ್ಕನಿಗೆ ಆವಿಯ ಕೆಟಲು ಇಟ್ಟೆ.

ಎರಡು ಬೆಂಕಿಪೆಟ್ಟಿಗೆ ಜೋಡಿಸಿದಷ್ಟೇ ದೊಡ್ಡದಿದ್ದ ಆ ಮೋಟರಿನ ಒಳಗೆ ಎಲ್ಲವೂ ಸವೆದಿತ್ತು. ಕರೆಂಟನ್ನು ತಿರುಗುವ ಭಾಗಕ್ಕೆ ಮುಟ್ಟಿಸುವ ಕಾರ್ಬನ್ ತುಂಡುಗಳು ತೇದು ಸ್ಪ್ರಿಂಗ್ ಮಾತ್ರ ಉಳಿದಿತ್ತು. ಅಂಥದ್ದು ಸುಳ್ಯದಲ್ಲಿ ಇಲ್ಲ, ಪುತ್ತೂರಿನಲ್ಲಿ ಇಲ್ಲ. ಸತ್ತ ಟಾರ್ಚ್ ಸೆಲ್ಲುಗಳನ್ನು ಒಡೆದು ನಡುವಿನ ಕಪ್ಪು ಕಡ್ಡಿ ತೆಗೆದರು. ಅದನ್ನು ಅರೆಯುವ ಕಲ್ಲಿನ ಮೇಲೆ ನೀರಿಲ್ಲದೆ ಉಜ್ಜಿ ಉಜ್ಜಿ ಚೌಕ ಮಾಡಿದರು. ಒಂದು ತುಂಡಾಯಿತು, ಇನ್ನೊಂದು ಉಜ್ಜಿದರು, ಅದೂ ತುಂಡಾಯಿತು. ಶಾಲೆಯಿಂದ ಬಂದ ನಾನು ಅವರ ಎದುರಿಗೆ ಕೂತು ಮಕ್ಕಳ ಕಾಪಿ ತಿದ್ದುತ್ತಿದ್ದೆ. ಮನೆ ತುಂಬ ಕಪ್ಪು ಹುಡಿ. ಒಳಗಿನಿಂದ ದೇವಕ್ಕಿಯಕ್ಕನ ಉಸಿರಿನ ಸಿಳ್ಳು ಕೇಳುತ್ತಿತ್ತು. ಆ ಸಿಳ್ಳು ಜೋರಾದಷ್ಟೂ ಇವರ ಕೈ ಬೇಗ ಬೇಗ ಓಡುತ್ತಿತ್ತು. ಒಮ್ಮೆಯಾದರೂ ಎದ್ದು ಒಳಗೆ ಹೋಗಲಿಲ್ಲ. ನನಗೆ ಅವರ ಮೇಲೆ ಸಿಟ್ಟೂ ಬರುತ್ತಿತ್ತು, ಆ ಬೆರಳುಗಳನ್ನು ನೋಡಿದರೆ ಅಳುವೂ ಬರುತ್ತಿತ್ತು.

ಕೊನೆಗೆ ಕಾರ್ಬನ್ ತುಂಡುಗಳು ಸರಿಯಾಗಿ ಕೂತವು. ತಿರುಗುವ ದಂಡಿಗೆ ಎಣ್ಣೆ ಹಿಡಿದಿಡಲು ಹಳೇ ಕಂಬಳಿಯಿಂದ ಒಂದು ಬಳೆ ಕತ್ತರಿಸಿ, ಮೊಳೆಯ ಕುಪ್ಪಿಯಿಂದ ತೆಂಗಿನೆಣ್ಣೆ ಬಿಟ್ಟು ಚೆನ್ನಾಗಿ ನೆನೆಸಿದರು. ಬ್ಯಾಟರಿಗೆ ತಾಗಿಸಿದರೆ ಫ್ಯಾನು ದುಂಬಿಯ ಹಾಗೆ ಹಾಡಿತು. ಹೆಂಡತಿಯನ್ನು ಎತ್ತಿಕೊಂಡು ಬಂದು ಅಂಗಳದಲ್ಲಿದ್ದ ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಇಂಜಿನ್ ಶುರುಮಾಡಿ, ನೀರು ಬಿಸಿಯಾಗಲು ಬಿಟ್ಟು, ಸ್ವಿಚ್ಚು ಒತ್ತಿದರು. ಬಿಸಿಗಾಳಿ ಬುಸ್ಸೆಂದು ಬಂದು ದೇವಕ್ಕಿಯಕ್ಕನ ಮುಂಗೂದಲು ಹಾರಿತು. ಆ ಸೆಕೆಯಲ್ಲಿ ಅವರ ಮುಖದಲ್ಲಿ ಬೆವರು ಧಾರೆಯಾಗಿ ಇಳಿಯಿತು.

"ಇದು ಚಳಿಗೆ ಮಾಡಿದ್ದಾ, ನನ್ನನ್ನು ಬೇಯಿಸ್ಲಿಕ್ಕೆ ಮಾಡಿದ್ದಾ ಕೇಳಿ ಟೀಚರೇ" ಎಂದು ನಕ್ಕರು. ನಗುವಿನ ನಡುವೆ ಕೆಮ್ಮು ಬಂತು. ಕುಶಾಲಪ್ಪಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟು ಮದುಮಗನ ಹಾಗೆ ನಿಂತಿದ್ದರು. ಅವರು ಅಷ್ಟು ಖುಷಿಯಾಗಿದ್ದುದನ್ನು ನಾನು ಮತ್ತೆ ನೋಡಲಿಲ್ಲ.

ಇಷ್ಟೆಲ್ಲ ಆಗುವಾಗ ವಾರ ದಾಟಿತ್ತು, ಮಳೆ ಹಿಡಿದಿತ್ತು.

ಮರುದಿನ ಬೆಳಿಗ್ಗೆ ಹೊರಟೆವು. ಅವರು ಓಡಿಸುತ್ತಿದ್ದರು, ಪಕ್ಕದಲ್ಲಿ ದೇವಕ್ಕಿಯಕ್ಕ, ಹಿಂದೆ ರಜೆ ಹಾಕಿ ಬಂದ ನಾನು. ಸಂಪಾಜೆಯವರೆಗೆ ಕಾರಿನ ಒಳಗೆ ಸೆಕೆ. ಬಿಸಿನೀರು ಬಾರದ ಹಾಗೆ ಪೈಪಿನ ನಲ್ಲಿಯನ್ನು ಅವರು ಮುಚ್ಚಿಯೇ ಇಟ್ಟಿದ್ದರು. ಘಾಟಿಯ ಅರ್ಧ ಹತ್ತುವಾಗ ಮಂಜು ಕವಿಯಿತು, ಗಾಜೆಲ್ಲ ಬೆಳ್ಳಗಾಯಿತು. ಚಳಿ ನನ್ನ ಮೂಳೆಗೇ ತಾಗಿತು. ದೇವಕ್ಕಿಯಕ್ಕನ ಹೆಗಲು ಉಸಿರಿಗಾಗಿ ಏಳುತ್ತಾ ಬೀಳುತ್ತಾ ಇತ್ತು. ಕುಶಾಲಪ್ಪಣ್ಣ ಕಾರು ನಿಲ್ಲಿಸಿ, ಇಳಿದು ನಲ್ಲಿ ತೆರೆದು, ಓಡಿ ಬಂದು ಸ್ವಿಚ್ಚು ಒತ್ತಿದರು.

ಮೋಟರು ಒಮ್ಮೆ ಗುಂಯ್ ಎಂದಿತು. ತಿರುಗಲಿಲ್ಲ. ಮತ್ತೆ ಒತ್ತಿ ಹಿಡಿದರು. ಸುಟ್ಟ ವಾಸನೆ ಬಂತು.

ಹೆಂಡತಿಯನ್ನು ಹಿಂದಿನ ಸೀಟಿಗೆ, ನನ್ನ ಪಕ್ಕಕ್ಕೆ ಸಾಗಿಸಿದರು. ತನ್ನ ಕೋಟು ಬಿಚ್ಚಿ ಅವರಿಗೆ ಹೊದಿಸಿದರು. ಆಮೇಲೆ ಮುಂದಿನ ಬಾಗಿಲು ತೆರೆದು, ಡಬ್ಬಿಯ ಕೆಳಗೆ ತಲೆ ತೂರಿಸಿ ಮಲಗಿದರು. ಸೊಂಟದಿಂದ ಕೆಳಗೆ ಅವರು ಮಳೆಯಲ್ಲಿದ್ದರು. ತೆರೆದ ಬಾಗಿಲಿಗೆ ಗೋಣಿ ಅಡ್ಡ ಕಟ್ಟಿದ್ದರೂ ಮಂಜು ಒಳಗೆ ನುಗ್ಗುತ್ತಿತ್ತು.

ದೇವಕ್ಕಿಯಕ್ಕ ನನ್ನ ಎದೆಗೆ ಒರಗಿದ್ದರು. ಅವರ ಮೈಯ ಒಳಗೆ ಉಸಿರು ಎಳೆಯುವುದು ನನ್ನ ಮೈಗೆ ತಿಳಿಯುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, ಒಂದೊಂದೇ ಮಾತು ಕೂಡಿಸಿ, ಗಂಡನಿಗೆ ತಮ್ಮ ಭಾಷೆಯಲ್ಲಿ ಹೇಳಿದರು: "ಅದರ ಬುಡಿ. ಇಲ್ಲಿ ಬಂದ್ ಕುದ್ರಿ."

ಅದನ್ನು ಬಿಡಿ, ಇಲ್ಲಿ ಬಂದು ಕೂತುಕೊಳ್ಳಿ ಎಂದು. ದನಿ ಮುಂದಿನ ಸೀಟನ್ನು ಕೂಡ ದಾಟಲಿಲ್ಲ. ನಾನು ಗಟ್ಟಿಯಾಗಿ ಹೇಳಿದೆ: "ಕುಶಾಲಪ್ಪಣ್ಣ, ಅಕ್ಕ ಕರೀತಿದ್ದಾರೆ. ಮೋಟರು ಬೇಡ ಅಂತೆ, ಹತ್ತಿರ ಬಂದು ಕೂತ್ಕೊಳ್ಳಬೇಕಂತೆ."

"ಐದು ನಿಮಿಷ" ಎಂದರು ಡಬ್ಬಿಯ ಕೆಳಗಿನಿಂದ.

ಎಷ್ಟು ಹೊತ್ತಾಯಿತೋ. ಮೋಟರನ್ನು ಕಳಚಿಕೊಂಡು ಎದ್ದು ಕೂತು, ಮುಚ್ಚಳ ತೆಗೆದು ನೋಡಿದರು. ದಂಡಿನ ಸುತ್ತ, ಕಂಬಳಿಯ ಬಳೆಯ ತುಂಬ, ಎಣ್ಣೆ ಬೆಳ್ಳಗೆ ಮೇಣದ ಹಾಗೆ ಹೆಪ್ಪುಗಟ್ಟಿತ್ತು. ಅವರು ಉಗುರಿನಿಂದ ಒಂದಿಷ್ಟು ಕೆರೆದು ಅಂಗೈಗೆ ಹಾಕಿಕೊಂಡರು. ಅದು ಅಂಗೈಯ ಬಿಸಿಗೆ ಮೆಲ್ಲಗೆ ಕರಗಿ ನೀರಾಯಿತು. ಅದನ್ನೇ ನೋಡುತ್ತಾ ಕೂತರು. ನನಗೆ ಶಾಲೆಯ ಗಡಿಯಾರ ನೆನಪಾಯಿತು. ಅವರಿಗೂ ಆಗಿರಬೇಕು. ಸ್ವಿಚ್ಚು ಒತ್ತುವ ಮೊದಲು ಡಬ್ಬಿ ಬಿಸಿಯಾಗುವವರೆಗೆ ಕಾದಿದ್ದರೆ ಎಣ್ಣೆ ತಾನಾಗಿ ಕರಗಿ ಫ್ಯಾನು ತಿರುಗುತ್ತಿತ್ತು. ಆದರೆ ಆಗಲೇ ಒಳಗಿನ ತಂತಿ ಸುಟ್ಟುಹೋಗಿತ್ತು.

ಮಡಿಕೇರಿಗೆ ತಲಪುವಾಗ ದೇವಕ್ಕಿಯಕ್ಕನ ಉಗುರು ನೀಲಿಯಾಗಿತ್ತು. ಅಲ್ಲಿಯ ಆಸ್ಪತ್ರೆಗೇ ಸೇರಿಸಿದೆವು. ಮರುದಿನ ಸ್ವಲ್ಪ ಗೆಲುವಾದ ಹಾಗೆ ಕಂಡರು, ಎರಡು ಚಮಚ ಗಂಜಿ ಕುಡಿದರು. ಅದನ್ನು ನೋಡಿ ಕುಶಾಲಪ್ಪಣ್ಣನಿಗೆ ಎಲ್ಲಿಲ್ಲದ ಉಮೇದು ಬಂತು. ಮೈಸೂರಿಗೆ ಇನ್ನೂ ದೂರ ಉಂಟು, ಪೇಟೆಯಲ್ಲಿ ಮೋಟರಿಗೆ ತಂತಿ ಸುತ್ತುವವರು ಇದ್ದಾರಂತೆ, ಈಗ ಬಂದೆ ಎಂದು ಹೊರಟರು. "ಬೇಡ, ಇರಿ" ಎಂದೆ. ಬಾಗಿಲು ದಾಟಿಯಾಗಿತ್ತು.

ದೇವಕ್ಕಿಯಕ್ಕ ಕಣ್ಣು ತೆರೆದು ಸುತ್ತ ನೋಡಿದರು. "ಎಲ್ಲಿ?" ಎಂದು ಕೇಳಿದರು. ಈಗ ಬರ್ತಾರೆ ಎಂದೆ. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮೊದಲು ಪ್ರಾಣ ಹೋಯಿತು. ಅವರ ಕೈ ನನ್ನ ಕೈಯಲ್ಲಿತ್ತು. ಅದು ನನ್ನ ಕೈಯಾಗಿರಬಾರದಿತ್ತು ಎಂಬ ಸಂಕಟ ನನಗೆ ಈಗಲೂ ಇದೆ. ಕುಶಾಲಪ್ಪಣ್ಣ ಮೋಟರನ್ನು ಬಟ್ಟೆಯಲ್ಲಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಬಂದರು. ಬಾಗಿಲಲ್ಲಿ ನನ್ನ ಮುಖ ನೋಡಿ ಅಲ್ಲೇ ನಿಂತರು.

"ತಿರುಗ್ತದೆ ಟೀಚರೇ" ಎಂದರು. "ಈಗ ಚಂದ ತಿರುಗ್ತದೆ."

ಹೃದಯ ಅಷ್ಟು ಸೋತಿದ್ದ ಮೇಲೆ ಘಾಟಿಯಲ್ಲಿ ಬಿಸಿಗಾಳಿ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸವಾಗುತ್ತಿರಲಿಲ್ಲ ಎಂದು ಡಾಕ್ಟರು ಸಮಾಧಾನ ಹೇಳಿದರು. ಕುಶಾಲಪ್ಪಣ್ಣ ತಲೆಯಾಡಿಸಿದರು.

ಆಮೇಲೆ ಶೆಡ್ಡು ನಡೆಯಿತು, ಆದರೆ ಗಿರಾಕಿಗಳನ್ನು ಬೈಯುವುದು ನಿಂತಿತು. ತಲೆಗೆ ಎಣ್ಣೆ ಹಾಕುವುದೂ ನಿಂತಿತು. ಒಣಗಿದ ಬಿಳಿ ಕೂದಲು ಕೆದರಿಕೊಂಡು ನಿಂತರೆ ಪರಿಚಯದವರಿಗೂ ತಟ್ಟನೆ ಗುರುತು ಹತ್ತುತ್ತಿರಲಿಲ್ಲ. ಕಾರನ್ನು ಯಾರಿಗೋ ಕೊಟ್ಟುಬಿಟ್ಟರು. ಬಾಗಿಲು ಜೋರಾಗಿ ಹಾಕಿದರೂ ಸುಮ್ಮನಿರುವ ಕುಶಾಲಪ್ಪಣ್ಣನನ್ನು ಕಂಡು ಹಳೆಯ ಡ್ರೈವರುಗಳು ಬೇಕೆಂದೇ ಇನ್ನೊಮ್ಮೆ ಹಾಕಿ ನೋಡುತ್ತಿದ್ದರು. ಅಡುಗೆ ಈಗ ನನ್ನದಾಗಿತ್ತು. ನಾನು ಕರೆದ ಕೂಡಲೇ ಊಟಕ್ಕೆ ಬರುತ್ತಿದ್ದರು. ಬಿಸಿ ಅನ್ನದ ಮುಂದೆ ಕೂತು, ಅದು ಆರುವವರೆಗೂ ಮುಟ್ಟುತ್ತಿರಲಿಲ್ಲ.

ಆ ದಿನದ ಬಗ್ಗೆ ನನ್ನೊಡನೆ ಅವರು ಮಾತಾಡಿದ್ದು ಒಮ್ಮೆ ಮಾತ್ರ. ನನಗೆ ಕಡಬದ ಕಡೆಗೆ ವರ್ಗವಾಗಿ, ಟ್ರಂಕು ಬಸ್ಸಿನ ಮೇಲೆ ಏರಿಸಿದ್ದರು. ಕಿಟಕಿಯ ಹತ್ತಿರ ಬಂದು ನಿಂತು ಹೇಳಿದರು: "ನಾನು ಎಣ್ಣೆಯ ತಪ್ಪು ಅಂತ ಎಷ್ಟೋ ಸಮಯ ಗ್ರಹಿಸಿದೆ ಟೀಚರೇ. ಎಣ್ಣೆಯದ್ದಲ್ಲ. ಅವಳು ಕೇಳಿದ್ದು ಮೋಟರು ಅಲ್ಲ." ಬಸ್ಸು ಹೊರಟಿತು.

ಅರವತ್ತರ ದಶಕ ಅರ್ಧ ಕಳೆದಿತ್ತು. ನಾನಾಗ ಕಡಬದ ಹತ್ತಿರದ ರಾಮಕುಂಜದಲ್ಲಿ ಇದ್ದೆ. ಕುಶಾಲಪ್ಪಣ್ಣ ಪುತ್ತೂರಿನ ಆಸ್ಪತ್ರೆಯಲ್ಲಿದ್ದಾರೆ, ನೋಡಿಕೊಳ್ಳಲು ಯಾರೋ ದೂರದ ಸಂಬಂಧದವರು ಬೆಳಿಗ್ಗೆ ಸಂಜೆ ಬಂದು ಹೋಗುತ್ತಾರೆ ಎಂದು ಸುದ್ದಿ ತಿಳಿದು ಶನಿವಾರ ಶಾಲೆ ಬಿಟ್ಟ ಕೂಡಲೇ ಹೋದೆ. ಮಂಚದಲ್ಲಿ ಅರ್ಧ ಮನುಷ್ಯ ಉಳಿದಿದ್ದರು. ಕಾಲು ಬಾತುಕೊಂಡಿತ್ತು, ಉಸಿರು ಸಣ್ಣದಾಗಿ ಸಿಳ್ಳು ಹಾಕುತ್ತಿತ್ತು. ನೋಡಿದ್ದೇ ನನ್ನ ಕೈಗೆ ಸುಮ್ಮನಿರಲು ಆಗಲಿಲ್ಲ. ದಿಂಬು ಸರಿಪಡಿಸಿದೆ. ಬಿಸಿಲು ಮುಖಕ್ಕೆ ಬೀಳುತ್ತದೆಂದು ಕಿಟಕಿಗೆ ನನ್ನ ಶಾಲು ಕಟ್ಟಿದೆ. ನೀರಿನ ಚೆಂಬು ತೊಳೆದು ತಂದೆ. ಹಾಸಿಗೆ ಬಟ್ಟೆ ಬದಲಿಸಿಲ್ಲವೆಂದು ನರ್ಸಿನೊಡನೆ ಜಗಳ ಮಾಡಿದೆ. ಡಾಕ್ಟರು ಎಲ್ಲಿದ್ದಾರೆ, ಈ ಕಾಲಿಗೆ ಏನು ಮದ್ದು ಕೊಡುತ್ತಿದ್ದಾರೆ ಕೇಳಿ ಬರುತ್ತೇನೆಂದು ಹೊರಟೆ.

ಅವರು ನನ್ನ ಸೀರೆಯ ಸೆರಗು ಹಿಡಿದರು. ಹಿಡಿತದಲ್ಲಿ ಬಲವೇ ಇರಲಿಲ್ಲ.

"ಎಂತದೂ ಮಾಡುದು ಬೇಡ ಟೀಚರೇ" ಎಂದರು. "ಇಲ್ಲಿ ಕೂತ್ಕೊಳ್ಳಿ."

ಮುಂದಿನ ವಾರ ಅವರು ತೀರಿಹೋದ ಸುದ್ದಿ ರಾಮಕುಂಜಕ್ಕೆ ತಲಪಿತು. ಆದರೆ ಆ ಶನಿವಾರ, ಅವರು ಹಾಗೆಂದ ಮೇಲೆ, ನಾನು ಮಂಚದ ಅಂಚಿಗೆ ಕೂತೆ. ಹೊರಗೆ ನಾನು ಹಿಂತಿರುಗಬೇಕಿದ್ದ ಬಸ್ಸು ಹಾರ್ನ್ ಹೊಡೆದು, ಸ್ವಲ್ಪ ಕಾದು, ಇನ್ನೊಮ್ಮೆ ಹೊಡೆದು ಹೋಯಿತು. ನಾನು ಏಳಲಿಲ್ಲ.